ದೇವಣಗಾಂವದ ಗೋಡೆಯ ಕುಳಿ

ವಿಜಾಪುರದಿಂದ ಇಂಡಿಗೆ ಹೋಗುವ ಬಸ್ಸು ಬೆಳಗಿನ ಏಳಕ್ಕೆ ಬಿಡಬೇಕಾಗಿತ್ತು, ಎಂಟೂಕಾಲಕ್ಕೆ ಬಿಟ್ಟಿತು. ೧೯೭೪ರ ಶಿವರಾತ್ರಿಯ ಹಿಂದಿನ ವಾರ. ನನ್ನ ತೊಡೆಯ ಮೇಲೆ ಒಂದು ದಪ್ಪ ಬಟ್ಟೆಯ ಸುರುಳಿಯಿತ್ತು. ಕಂಡಕ್ಟರು ಅದಕ್ಕೂ ಲಗೇಜಿನ ಟಿಕೆಟು ಹರಿಯುವ ಹುಮ್ಮಸ್ಸಿನಲ್ಲಿ ಒಳಗೇನಿದೆ ಎಂದು ಕೇಳಿದ. ಗರ್ಭಕೋಶ ಎಂದೆ. ಆಮೇಲೆ ಅವನು ನನ್ನ ಕಡೆ ತಿರುಗಿ ನೋಡಲಿಲ್ಲ. ನನ್ನೊಬ್ಬಳ ಎರಡು ರೂಪಾಯಿ ಎಂಬತ್ತು ಪೈಸೆಯನ್ನಷ್ಟೇ ತೆಗೆದುಕೊಂಡು ಮುಂದೆ ಹೋದ.

ಆಗ ನನಗೆ ಮೂವತ್ತೊಂದು ವರ್ಷ. ಧಾರವಾಡದವಳು, ವಿಜಾಪುರದಲ್ಲಿ ಆರೋಗ್ಯ ಶಿಕ್ಷಕಿಯ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕು ತಿರುಗಿ ಹೊಸದಾಗಿ ಮದುವೆಯಾದವರಿಗೆ, ಮದುವೆ ಗೊತ್ತಾದವರಿಗೆ ಗರ್ಭ ಹೇಗೆ ನಿಲ್ಲುತ್ತದೆ, ಮೊದಲ ಮೂರು ತಿಂಗಳು ಒಳಗೆ ಏನು ನಡೆಯುತ್ತದೆ ಎಂದು ತಿಳಿಸಿ ಬರಬೇಕಿತ್ತು. ಹೆಣ್ಣುಮಕ್ಕಳಿಗೆ ಬೇರೆ, ಗಂಡಸರಿಗೆ ಬೇರೆ ಪಾಠ. ಸುರುಳಿಯ ಪಟವನ್ನು ನಾನೇ ಹೊಲಿದಿದ್ದೆ. ಕರಿ ಬಟ್ಟೆಯ ಮೇಲೆ ಕೆಂಪು ಮಖಮಲ್ಲಿನ ಗರ್ಭಕೋಶ, ಗುಲಾಬಿ ರಿಬ್ಬನ್ನಿನ ಎರಡು ನಾಳ, ಅಂಡಕ್ಕೆ ಅಂಗಿಯ ಬಿಳಿ ಗುಂಡಿ. ಗುಂಡಿಯನ್ನು ನಾಳದಲ್ಲಿ ಸರಿಸುತ್ತ, ಇಲ್ಲಿ ಗಂಡಿನ ಬೀಜ ಕೂಡುತ್ತದೆ, ಇಲ್ಲಿಂದ ಗರ್ಭಕೋಶಕ್ಕೆ ಇಳಿಯಲು ಸುಮಾರು ಒಂದು ವಾರ, ಆಮೇಲೆ ಒಳಗಿನ ಮೆತ್ತನೆಯ ಪದರಿಗೆ ಅಂಟಿಕೊಳ್ಳುತ್ತದೆ ಎಂದು ತೋರಿಸುತ್ತಿದ್ದೆ. ಆ ಪಟದ ಬಗ್ಗೆ ನನಗೆ ಸ್ವಲ್ಪ ಸೊಕ್ಕೇ ಇತ್ತು.

ಇಂಡಿಯಲ್ಲಿ ಪಾಠ ಚೆನ್ನಾಗಿ ನಡೆಯಿತು. ಲಿಂಬೆಹಣ್ಣಿನ ಶರಬತ್ತು ಕೊಟ್ಟರು. ಹೆಣ್ಣುಮಕ್ಕಳು ಸೆರಗು ಬಾಯಿಗೊತ್ತಿ ನಕ್ಕರು, ಗಂಡಸರು ಪಾಠ ಮುಗಿಯುವ ತನಕ ಜಂತಿ ಎಣಿಸಿದರು. ಮರುದಿನ ಸಿಂದಗಿಯಲ್ಲೂ ಹಾಗೆಯೇ. ಮೂರನೆಯ ದಿನ ಅದೇ ತಾಲೂಕಿನ ದೇವಣಗಾಂವಕ್ಕೆ ಹೋದೆ. ದಿನಕ್ಕೊಂದೇ ಬಸ್ಸು, ಹನ್ನೊಂದಕ್ಕೆ ಊರು ಮುಟ್ಟಿ ಮೂರಕ್ಕೆ ಹಿಂದಿರುಗುತ್ತದೆ. ಜೋಳದ ಕೊಯ್ಲಿನ ಕಾಲ, ಊರೆಲ್ಲ ಹೊಲದಲ್ಲಿತ್ತು. ಭೀಮಾ ನದಿಯ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ನಡುಹಗಲಿನ ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ, ತೆರೆದ ಬಾಗಿಲುಗಳ ಒಳಗೆ ಬರೀ ಕತ್ತಲೆ ಕಾಣುತ್ತಿತ್ತು. ಹಗಲಿಗೂ ಹೆದರಿಕೆಯಾಗುತ್ತದೆ ಎಂದು ಅಲ್ಲಿ ಮೊದಲ ಸಲ ತಿಳಿಯಿತು.

ಗುಡಿಯ ಪೌಳಿಯಲ್ಲಿ ಹದಿನಾಲ್ಕು ಮಂದಿ ಸೇರಿದ್ದರು. ಕಂಬಕ್ಕೊರಗಿ ಕೂತ ಒಬ್ಬಳು ನಾನು ತೋರಿಸುವ ಪಟವನ್ನು ನೋಡದೆ ನನ್ನ ಹೆಗಲಿನಾಚೆ ನೋಡುತ್ತಿದ್ದಳು. ಎರಡು ಸಲ ಹಿಂದೆ ತಿರುಗಿದೆ, ಅಲ್ಲಿ ಸುಣ್ಣದ ಗೋಡೆ ಬಿಟ್ಟು ಏನೂ ಇರಲಿಲ್ಲ. ಇಪ್ಪತ್ತರ ಹುಡುಗಿ, ಕಣ್ಣುಗಳು ಒಳಗೆ ಹೋಗಿದ್ದವು. ಕೊರಳಲ್ಲಿ ಎರಡು ತಾಳಿ. ಅವಳ ಹೆಸರು ಕಸ್ತೂರಿ, ಪಕ್ಕದಲ್ಲಿ ಕೂತವಳು ಅತ್ತೆ ಶಾಂತವ್ವ ಎಂದು ಆಮೇಲೆ ಗೊತ್ತಾಯಿತು. ಪಾಠ ಮುಗಿಯುವ ಹೊತ್ತಿಗೆ ಕಸ್ತೂರಿ ಬಾಯಿ ತೆರೆದಳು.

"ಮುಟ್ಟಾದ ಮ್ಯಾಲೂ ಹೊಟ್ಟ್ಯಾಗ ಕೂಸು ಇರಬಹುದೇನ್ರಿ?"

ಇಲ್ಲ, ಮುಟ್ಟಾದರೆ ಗರ್ಭವಿಲ್ಲ ಎಂದೇ ಲೆಕ್ಕ ಎಂದೆ. ನೆನಪಿಟ್ಟುಕೊಳ್ಳಲು ಸುಲಭವಾದ ಮಾತು, ಇಂಡಿಯಲ್ಲೂ ಅದನ್ನೇ ಮೂರು ಸಲ ಹೇಳಿಸಿದ್ದೆ. ಶಾಂತವ್ವ ಸೊಸೆಯ ಕಡೆ ತಿರುಗಿ ನೋಡಿದಳು. ಹುಡುಗಿ ತಲೆ ತಗ್ಗಿಸಿದಳು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಶಾಂತವ್ವ ಚಹಾಕ್ಕೆ ಕರೆದಳು. ಒಳ್ಳೆಯ ಸ್ಥಿತಿವಂತರ ಮನೆ, ದಪ್ಪ ಮಣ್ಣಿನ ಗೋಡೆಗಳು. ಚಹಾ ಸೋಸುತ್ತ ಅವಳು ಕಥೆ ಹೇಳಿದಳು. ಮಗನ ಮೊದಲ ಹೆಂಡತಿ ಗಂಗವ್ವ ಮೂರು ವರ್ಷದ ಹಿಂದೆ ತೀರಿಹೋಗಿದ್ದಳು. ಅವಳಿಗೆ ಬಾವಿಯ ಗಾಳಿ ಸೋಕಿತ್ತು, ಉಂಡದ್ದೆಲ್ಲ ಕಾರಿಕೊಳ್ಳುತ್ತಿದ್ದಳು, ಬಿಡಿಸಲು ಹೋದಾಗ ರಕ್ತ ಹೋಗಿ ಸತ್ತಳು. ಕಸ್ತೂರಿ ಎರಡನೆಯವಳು. ಸತ್ತವಳು ಸಿಟ್ಟಾಗಬಾರದೆಂದು ಆಕೆಯ ಹೆಸರಲ್ಲಿ ಎರಡನೆಯವಳ ಕೊರಳಿಗೆ ಸವತಿ ತಾಳಿ ಕಟ್ಟುವುದು ಅವರಲ್ಲಿ ಪದ್ಧತಿ, ಅದನ್ನೂ ಕಟ್ಟಿದ್ದರು. ಆದರೂ ಗಂಗವ್ವ ಬಂದು ಇವಳೊಳಗೆ ಸೇರಿದ್ದಾಳೆ. ಹೋದ ತಿಂಗಳ ಹಿಂದಿನ ತಿಂಗಳು ಕಸ್ತೂರಿ ಮೂರು ದಿನ ಹೊರಗೆ ಕೂತಿದ್ದಳು, ಅದಾದ ಮೇಲೆ ಮುಟ್ಟೇ ಇಲ್ಲ, ಬರೀ ವಾಂತಿ. ಬಸಿರೆನ್ನೋಣವೆಂದರೆ, ಹೊರಗೆ ಕೂತ ಹತ್ತೇ ದಿನಕ್ಕೆ ವಾಂತಿ ಶುರುವಾಗಿತ್ತು. ಅಷ್ಟು ಬೇಗ ಯಾರಿಗೆ ಬಯಕೆ ಹತ್ತುತ್ತದೆ?

ಅಷ್ಟರಲ್ಲಿ ಗೋಡೆಯಾಚೆ ಉಗುರಿನಿಂದ ಏನನ್ನೋ ಕೆರೆಯುವ ಸದ್ದು ಕೇಳಿತು. ನಿಧಾನವಾಗಿ ಕೆರೆಯುವುದು, ನಿಲ್ಲುವುದು, ಮತ್ತೆ ಕೆರೆಯುವುದು. ಶಾಂತವ್ವ ನನ್ನನ್ನು ಕಾಳಿನ ಕೋಣೆಗೆ ಕರೆದೊಯ್ದಳು. ಮೂಲೆಯಲ್ಲಿ ಕಸ್ತೂರಿ ನಿಂತಿದ್ದಳು, ತುಟಿಗೆ ಮಣ್ಣು ಹತ್ತಿತ್ತು. ಅವಳ ಎದೆಮಟ್ಟದಲ್ಲಿ ಗೋಡೆಗೆ ಒಂದು ಕುಳಿ, ಮುಷ್ಟಿ ಹಿಡಿಸುವಷ್ಟು ಆಳ.

"ಇದು ಗಂಗವ್ವ ಕೆರದ ಕುಳಿ ನೋಡ್ರಿ," ಎಂದಳು ಶಾಂತವ್ವ. "ಆಕಿ ಇದ ಮಣ್ಣ ತಿಂತಿದ್ಲು. ಕುಳಿ ಮುಚ್ಚೂವಂಗ ಜೋಳದ ಚೀಲ ಒಟ್ಟಿದ್ವಿ. ಈಕಿ ಚೀಲ ಸರಿಸಿ ಇದನ್ನ ಹುಡುಕಿ ತಿನ್ನಾಕತ್ತಾಳ. ಈಕಿಗೆ ಯಾರ ಹೇಳಿದ್ರು?"

ನನಗೆ ಹೆದರಿಕೆಯಾಯಿತು. ಅದನ್ನು ಮುಚ್ಚಿಕೊಳ್ಳಲು ದೊಡ್ಡ ದನಿಯಲ್ಲಿ ಮಾತಾಡಿದೆ. ಗಾಳಿ ಗೀಳಿ ಎಲ್ಲ ಸುಳ್ಳು, ಹೊಟ್ಟೆಯಲ್ಲಿ ಜಂತು ಇದ್ದೀತು, ದವಾಖಾನೆಗೆ ತೋರಿಸಿ ಎಂದೆ. ಶಾಂತವ್ವ ತಲೆಯಾಡಿಸಿದಳು, ನಂಬಲಿಲ್ಲ. ಅಮಾವಾಸ್ಯೆಯ ದಿನ ನಡುಹಗಲಿಗೆ ಗಾಳಿ ಬಿಡಿಸುವವನು ಬಂದು ಮೆಣಸಿನಕಾಯಿ ಹೊಗೆ ಹಾಕುತ್ತಾನೆ, ಅದಕ್ಕೂ ಮೂರು ದಿನ ಮೊದಲಿನಿಂದ ಅನ್ನನೀರು ಬಂದ್ ಎಂದಳು. ಹೊರಡುವಾಗ ಕಸ್ತೂರಿ ನನ್ನ ಸೆರಗು ಹಿಡಿದಳು. "ಕೂಸಲ್ಲ ಅಂದ್ರಲ್ರಿ. ಹಂಗಾರ ಆಕೀನ ಇರಬೇಕು," ಎಂದಳು. ಆ ಕೈಯನ್ನು ಬಿಡಿಸಿಕೊಂಡು ನಾನು ಬಸ್ಸು ಹಿಡಿದೆ.

ನಾಲ್ಕನೆಯ ದಿನವೆಲ್ಲ ಪ್ರಯಾಣ. ಸಿಂದಗಿಯಿಂದ ತಾಳಿಕೋಟೆ ಮೇಲೆ ಮುದ್ದೇಬಿಹಾಳ, ಐದು ತಾಸು, ನಡುವೆ ಒಮ್ಮೆ ಗಾಲಿ ಪಂಚರ್. ಕಿಟಕಿಯ ತಗಡು ಅಲುಗಿ ಕೆರೆದಂತೆ ಸದ್ದಾಗುತ್ತಿತ್ತು. ಎದ್ದು ಬೇರೆ ಸೀಟಿಗೆ ಹೋದೆ, ಅಲ್ಲಿಯೂ ಕೇಳಿತು.

ಐದನೆಯ ದಿನ ಮುದ್ದೇಬಿಹಾಳ ತಾಲೂಕಿನ ತಂಗಡಗಿ. ಕೃಷ್ಣೆ ಇಳಿದಿತ್ತು, ದಂಡೆಯ ಬಂಡೆಗಳೆಲ್ಲ ಮೇಲೆದ್ದಿದ್ದವು. ರೊಟ್ಟಿ, ಎಣ್ಣೆಗಾಯಿ ಬದನೆ, ಗಟ್ಟಿ ಮೊಸರು ಕೊಟ್ಟ ಊರು ಅದು, ಆ ಊಟವನ್ನು ಇಂದಿಗೂ ಮರೆತಿಲ್ಲ. ಪಾಠದಲ್ಲಿ ಕೊನೆಯ ಸಾಲಿನ ಹಿಂದೆ ಹುಲಿಗೆವ್ವ ಎಂಬ ಎಪ್ಪತ್ತರ ಸೂಲಗಿತ್ತಿ ಎಲೆಯಡಿಕೆ ಮೆಲ್ಲುತ್ತ ಕೂತಿದ್ದಳು. ಮುಟ್ಟಾದರೆ ಗರ್ಭವಿಲ್ಲ ಎಂದು ನಾನು ಹೇಳಿಸತೊಡಗಿದಾಗ ಕೈ ಎತ್ತಿದಳು.

"ಅಕ್ಕೋರ, ತಪ್ಪ ತಿಳಕೋಬ್ಯಾಡ್ರಿ. ಕೂಸು ಒಳಗ ಅಂಟಿಕೊಳ್ಳೂಮುಂದ ಕೆಲವರಿಗೆ ಎರಡ ಹನಿ ಕಾಣ್ತೈತಿ. ನಮ್ಮ ಕಡೆ ಒಂದ ಹನಿ ಕಂಡ್ರೂ ಮೂರ ದಿನಾ ಹೊರಗ ಕುಂಡ್ರಸ್ತಾರ. ಎಷ್ಟು ಹೋತು ಅಂತ ಯಾರೂ ಕೇಳಂಗಿಲ್ಲ. ಕುಂತ ದಿನಾ ಎಣಸ್ತಾರ, ಬಸರ ಲೆಕ್ಕ ಒಂದ ತಿಂಗಳ ತಪ್ಪತೈತಿ."

ಅವಳು ಹೇಳಿದ್ದು ನನಗೆ ಗೊತ್ತಿಲ್ಲದ್ದೇನಲ್ಲ. ನನ್ನ ತರಬೇತಿಯ ಟಿಪ್ಪಣಿಯಲ್ಲಿ ಆ ಮಾತಿತ್ತು. ಪಾಠ ತೊಡಕಾಗಬಾರದೆಂದು ನಾನೇ ಅದನ್ನು ಕೈಬಿಟ್ಟಿದ್ದೆ. ನಿಂತಲ್ಲೇ ಲೆಕ್ಕ ಹಾಕಿದೆ. ಒಂದು ತಿಂಗಳು ಹಿಂದಕ್ಕೆ ಸರಿಸಿದರೆ ಕಸ್ತೂರಿಯ ವಾಂತಿಯ ಲೆಕ್ಕ ಸರಿಯಾಗಿ ಕೂಡುತ್ತಿತ್ತು. ಮಣ್ಣು ತಿನ್ನುವ ಬಯಕೆ ಎಷ್ಟೋ ಬಸುರಿಯರಿಗೆ ಇರುತ್ತದೆ, ತಂಪಾದ ಹಳೆಯ ಮಣ್ಣಿನ ವಾಸನೆ ಅವರನ್ನು ಎಳೆಯುತ್ತದೆ. ಅವಳಿಗೆ ಮೂರು ತಿಂಗಳು ನಡೆಯುತ್ತಿತ್ತು. ಇನ್ನು ಎರಡು ದಿನಕ್ಕೆ ಅಮಾವಾಸ್ಯೆ, ಉಪವಾಸ ಆಗಲೇ ಶುರುವಾಗಿತ್ತು. ಹುಡುಗಿ ಕೇಳಿದ್ದಕ್ಕೆ ಇಲ್ಲ ಎಂದು ಉತ್ತರ ಕೊಟ್ಟು, ಅವಳನ್ನು ಆ ಹೊಗೆಗೆ ತಳ್ಳಿ ಬಂದವಳು ನಾನೇ. ನನಗೆ ನನ್ನ ಮೇಲೆ ಅಸಹ್ಯ ಬಂತು.

ಆರನೆಯ ದಿನ ಬಸವನ ಬಾಗೇವಾಡಿಯಲ್ಲಿ ಬೆಳಿಗ್ಗೆ ಎಂಟಕ್ಕೇ ಎಲ್ಲರನ್ನೂ ಕೂಡಿಸಿದೆ. ಗುಂಡಿಯನ್ನು ಮಖಮಲ್ಲಿಗೆ ಒತ್ತಿ ಹಿಡಿದು, ಇಲ್ಲಿ ಅಂಟುವಾಗ ಎರಡು ಹನಿ ಕಾಣಬಹುದು, ಅದು ಮುಟ್ಟಲ್ಲ, ಯಾವಾಗಿನಂತೆ ಹೋಗದಿದ್ದರೆ ನರ್ಸಿಗೆ ತೋರಿಸಿ ಎಂದೆ. ಗಂಡಸರ ಪಾಠವನ್ನು ಮುಂದಕ್ಕೆ ಹಾಕಿ ಹಿಪ್ಪರಗಿಯ ಮೇಲೆ ಹಾಯುವ ಬಸ್ಸು ಹಿಡಿದೆ. ಸಿಂದಗಿ ಮುಟ್ಟಿದಾಗ ಸಂಜೆ. ಅಲ್ಲಿನ ನರ್ಸಬಾಯಿ ಮಾತು ಕಡಿಮೆ, ಕೆಲಸ ಹೆಚ್ಚು ಎಂಬ ಜಾತಿಯ ಹೆಂಗಸು. ಕಸ್ತೂರಿಯ ವಿಷಯ ಕೇಳಿದವಳೇ ಮರುದಿನದ ರಜೆ ಚೀಟಿ ಬರೆದಿಟ್ಟಳು.

ಅಮಾವಾಸ್ಯೆಯ ದಿನ ಬಸ್ಸು ಮುಕ್ಕಾಲು ತಾಸು ತಡ. ದೇವಣಗಾಂವದಲ್ಲಿ ಇಳಿದಾಗ ಸೂರ್ಯ ನೆತ್ತಿಗೆ ಬಂದಿದ್ದ. ಓಣಿ ಅಂದಿನಂತೆಯೇ ಖಾಲಿ. ಮನೆ ಇನ್ನೂ ದೂರವಿರುವಾಗಲೇ ಘಾಟು ಬಂತು, ಇಬ್ಬರೂ ಓಡಿದೆವು. ಕಾಳಿನ ಕೋಣೆಯ ಬಾಗಿಲಲ್ಲಿ ಒಬ್ಬ ಮುದುಕ ಕೆಂಡದ ಪಾತ್ರೆಗೆ ಮೆಣಸಿನಕಾಯಿ ಹಾಕಲು ಶುರುಮಾಡಿದ್ದ. ಒಳಗೆ ಕಸ್ತೂರಿ ಕೂದಲು ಬಿಚ್ಚಿಕೊಂಡು, ಬಗ್ಗಿ ಕುಳಿಗೆ ಹಣೆಯಿಟ್ಟು ನಿಂತಿದ್ದಳು. ಕೆಮ್ಮಲೂ ಇಲ್ಲ. ಗೋಡೆಯೊಳಗಿನ ಯಾರ ಜೊತೆಗೋ ಮೆಲ್ಲಗೆ ಮಾತಾಡುತ್ತಿದ್ದಳು.

ನರ್ಸಬಾಯಿ ಪಾತ್ರೆಯನ್ನು ಕಾಲಿನಿಂದ ಸರಿಸಿ ಅವಳನ್ನು ಪಡಸಾಲೆಗೆ ಎಳೆದುಕೊಂಡು ಹೋದಳು. ಶಾಂತವ್ವ ನನ್ನ ಮೈಮೇಲೆಯೇ ಬಂದಳು. ನಾನು ಅವಳ ಎರಡೂ ಕೈ ಹಿಡಿದುಕೊಂಡು, ಅಂದು ನಾನು ಹೇಳಿದ್ದು ತಪ್ಪು ಎಂದೆ. ಕಸ್ತೂರಿ ಹೊರಗೆ ಕೂತಾಗ ಎಷ್ಟು ಬಟ್ಟೆ ಒಗೆದಳು, ಕೇಳಿದ್ದೀರಾ ಎಂದೆ. ಅತ್ತೆ ಸೊಸೆಯ ಕಡೆ ನೋಡಿದಳು.

"ಒಂದೂ ಇಲ್ರಿ," ಎಂದಳು ಕಸ್ತೂರಿ. "ಎರಡ ಹನಿ ಅಷ್ಟ. ಕುಂಡ್ರು ಅಂದ್ರು, ಕುಂತೆ."

ನರ್ಸಬಾಯಿ ಹೊಟ್ಟೆ ಒತ್ತಿ ನೋಡಿದಳು, ನಾಡಿ ನೋಡಿದಳು. "ಮೂರ ತಿಂಗಳಾಗ ಐತಿ. ಮೊದಲ ಈಕಿಗೆ ನೀರು ಕೊಡ್ರಿ," ಎಂದಳು. ಶಾಂತವ್ವ ತುಂಬಿದ ಕೊಡ ಎತ್ತಿಕೊಂಡು ಬಂದಳು. ಅರ್ಧ ಸೊಸೆಗೆ ಕುಡಿಸಿದಳು, ಉಳಿದದ್ದನ್ನು ಕೆಂಡದ ಮೇಲೆ ಸುರಿದಳು. ಮುದುಕ ಚೀಲ ಕಟ್ಟಿದ. ಕಸ್ತೂರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ಆಮೇಲೆ ಗಂಜಿ ಕುಡಿದಳು, ಅದು ಒಳಗೆ ನಿಂತಿತು. ರಕ್ತ ಕಂಡರೂ, ನೀರು ನಿಲ್ಲದಂಥ ವಾಂತಿಯಾದರೂ ತಕ್ಷಣ ಸಿಂದಗಿಗೆ ಕರೆತರಬೇಕೆಂದು ನರ್ಸಬಾಯಿ ಮೂರು ಸಲ ಹೇಳಿದಳು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಸಂತೋಷಕ್ಕೆ ಅತ್ತುಬಿಟ್ಟೆ.

ಮೂರು ಗಂಟೆಯ ಬಸ್ಸಿಗೆ ಶಾಂತವ್ವ ನಮ್ಮನ್ನು ಕಳಿಸಲು ಬಂದಳು. ನಾನು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ಕೇಳಿದಳು.

"ಗಂಗವ್ವನೂ ಹಿಂಗ ಮೂರ ದಿನಾ ಕುಂತಿದ್ಲ್ರಿ. ಅದಾದ ಮ್ಯಾಲ ವಾಂತಿ. ಮಣ್ಣು ತಿಂತಿದ್ಲು. ಇದ ಹೊಗಿ ಹಾಕಿಸಿದ್ವಿ. ಬಾವಿ ಗಾಳಿ ಅಂದಿದ್ವಿ. ಆಕಿನೂ ಬಸರಿದ್ಲೇನ್ರಿ?"

ಸುಲಭವಾದ ಸುಳ್ಳೊಂದು ನಾಲಗೆಯ ತುದಿಗೆ ಬಂದಿತ್ತು. ಆ ಊರಿನಲ್ಲಿ ನಾನು ಆಗಲೇ ಒಂದು ಸುಲಭದ ಮಾತು ಹೇಳಿ ನೋಡಿದ್ದೆ. ಇದ್ದಿರಬಹುದು ಎಂದೆ.

ಅವಳು ತಲೆಯಾಡಿಸಿದಳು. ಸೆರಗಿನ ಗಂಟು ಬಿಚ್ಚಿ ಏನೋ ತೆಗೆದಳು. ಸೊಸೆಯ ಕೊರಳಲ್ಲಿದ್ದ ಸವತಿ ತಾಳಿ. ಅದರ ದಾರವನ್ನು ತನ್ನ ಕೊರಳಿಗೇ ಕಟ್ಟಿಕೊಂಡಳು. "ಇನ್ನ ಆಕೀನ ನಾ ಇಟಗೋತೇನ್ರಿ," ಎಂದಳು.

ಬಸ್ಸು ಹೊರಟಿತು. ಹಿಂದಿನ ಕಿಟಕಿಯಿಂದ ನೋಡಿದೆ. ಬಿಸಿಲಿನಲ್ಲಿ ಶಾಂತವ್ವ ಊರ ಕಡೆ ಹೋಗುತ್ತಿದ್ದಳು. ದಾರಿ ಅಗಲವಾಗಿತ್ತು, ಯಾರೂ ಇರಲಿಲ್ಲ. ಆದರೂ ಅವಳು ಒಂದು ಅಂಚಿಗೆ ಸರಿದು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು ನಡೆಯುತ್ತಿದ್ದಳು.