ಏಳಿಂಚು ಹೆಚ್ಚು

ನಮ್ಮ ಭಾವ ದರ್ಜಿ. ಕೊರಳಲ್ಲಿ ಟೇಪು ಇರುತ್ತಿದ್ದುದು ಗಿರಾಕಿಗಳ ಸಮಾಧಾನಕ್ಕೆ ಮಾತ್ರ. ಬಾಗಿಲಲ್ಲಿ ನಿಂತವರನ್ನು ಒಮ್ಮೆ ನೋಡಿದರೆ ಸಾಕು, ಎದೆ, ಸೊಂಟ, ತೋಳು ಎಲ್ಲವನ್ನೂ ಬಾಯಿಪಾಠದಂತೆ ಒಪ್ಪಿಸುತ್ತಿದ್ದರು. "ಹೋದ ಸಲಕ್ಕಿಂತ ಎರಡಿಂಚು ಉಬ್ಬಿದ್ದೀರಿ ಸಾರ್, ಮನೆ ಊಟ ಚೆನ್ನಾಗಿ ಹಿಡಿಸಿದೆ" ಎಂದು ಕಾಲೆಳೆಯುತ್ತಿದ್ದರು. ಆ ಹಾಳು ಕಣ್ಣೇ ಮನೆಗೆ ಮುಳುವಾಯಿತು.

ಮಹಾಮಾರಿಯ ಎರಡನೇ ವರ್ಷ ಅಕ್ಕ ಆಸ್ಪತ್ರೆ ಸೇರಿದಳು, ಒಂಬತ್ತನೇ ದಿನ ತೀರಿಕೊಂಡಳು. ಮುಖ ತೋರಿಸುವಂತಿರಲಿಲ್ಲ. ಮನೆಯವರಲ್ಲಿ ಒಬ್ಬರು ಹತ್ತು ನಿಮಿಷ ಶವಾಗಾರದ ಹಿಂಬಾಗಿಲಲ್ಲಿ ನಿಲ್ಲಬಹುದಿತ್ತು. ಭಾವ ಹೋದರು. ಮುಚ್ಚಿದ ಚೀಲವನ್ನು ದೂರದಿಂದಲೇ ನೋಡಿ, "ಇದು ಐದಡಿ ಒಂಬತ್ತಿಂಚಿದೆ. ನನ್ನ ಹೆಂಡತಿ ಐದಡಿ ಎರಡಿಂಚು. ಇದು ಅವಳಲ್ಲ" ಎಂದು ಹೇಳಿ ಬಂದುಬಿಟ್ಟರು. ಉಳಿದದ್ದನ್ನು ನಗರಸಭೆಯವರು ಮುಗಿಸಿದರು.

ಅಲ್ಲಿಂದ ನಾಲ್ಕು ವರ್ಷ, ತಿಂಗಳ ಮೊದಲ ಸೋಮವಾರ ಅಂಗಡಿಗೆ ಬೀಗ, ಆಸ್ಪತ್ರೆಯ ಕಚೇರಿಗೊಂದು ಅರ್ಜಿ. ಬರೆಯುವವಳು ಮಗಳು. ಹದಿನೇಳರ ಹುಡುಗಿ "ನನ್ನ ತಾಯಿ ಎಲ್ಲಿದ್ದಾರೆಂದು ದಯವಿಟ್ಟು ತಿಳಿಸಿ" ಎಂದು ಬರೆದು ಬರೆದೇ ಇಪ್ಪತ್ತೊಂದಾದಳು. ಆ ಮನೆಯಲ್ಲಿ ಅಳುವ ಹಾಗಿರಲಿಲ್ಲ. ಕಣ್ಣು ಒದ್ದೆಯಾದರೆ ಸಾಕು, "ಯಾರು ಸತ್ರು ಅಂತ ಅಳ್ತೀಯಾ?" ಎಂದು ಭಾವ ಮೇಲೆ ಬೀಳುತ್ತಿದ್ದರು. ಸತ್ತವಳು ನನಗೂ ಅಕ್ಕ ಎಂಬ ಮಾತನ್ನು ಎಷ್ಟು ಸಲ ನುಂಗಿಕೊಂಡಿದ್ದೇನೋ. ದುಃಖವನ್ನೂ ಇವರೊಬ್ಬರೇ ಗುತ್ತಿಗೆ ಹಿಡಿದಂತೆ! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ತಿಂಗಳು ಮಗಳು ಪೆನ್ನು ಕೆಳಗಿಟ್ಟಳು. ಬಟ್ಟೆ ಕತ್ತರಿಸುವ ಮೇಜಿನ ಈಚೆ ನಾನೂ ಕೂತಿದ್ದೆ.

"ಇನ್ನು ಬರೆಯಲ್ಲಪ್ಪ. ಅಮ್ಮ ಸತ್ತುಹೋದ್ಳು ಅಂತ ನಾನು ಅಳಬೇಕು. ಅಷ್ಟಕ್ಕಾದ್ರೂ ಬಿಡು."

"ನನ್ನ ಕಣ್ಣಳತೆ ಯಾವತ್ತಾದ್ರೂ ತಪ್ಪಿದ್ಯಾ?"

"ಅದು ಚೀಲದ ಅಳತೆ ಅಪ್ಪ! ತಲೆ ಕಡೆ, ಕಾಲ ಕಡೆ ಮಡಚಿ ಕಟ್ಟೋಕೆ ಜಾಗ ಬಿಟ್ಟಿರ್ತಾರೆ. ಒಂದು ಪ್ಯಾಂಟಿನ ತುದಿಗೇ ನೀನು ಎರಡಿಂಚು ಹೆಚ್ಚು ಬಿಡಲ್ವಾ?"

ಇಷ್ಟು ವರ್ಷ ನನಗೆ ಇದು ಹೊಳೆದೇ ಇರಲಿಲ್ಲ. ಭಾವ ಕೂಗಾಡುತ್ತಾರೆ ಎಂದುಕೊಂಡೆ. ಅವರು ಕತ್ತರಿ ಎತ್ತಿಕೊಂಡರು, ಮತ್ತೆ ಇಟ್ಟರು.

"ಗೊತ್ತು ಕಣೆ. ಅವತ್ತು ವಾಪಸ್ ಬರ್ತಾ ಗೇಟು ದಾಟೋ ಮುಂಚೆನೇ ಗೊತ್ತಾಯ್ತು."

"ಮತ್ತೆ ಯಾಕಪ್ಪ ಇಷ್ಟು ವರ್ಷ?"

"ಹತ್ತು ನಿಮಿಷ ಕೊಟ್ಟಿದ್ರು. ಎರಡು ನಿಮಿಷಾನೂ ನಿಲ್ಲಲಿಲ್ಲ ನಾನು. ರೋಗ ಅಂಟುತ್ತೆ ಅಂತ ಭಯ. ಗೊತ್ತಾದ್ಮೇಲೂ ವಾಪಸ್ ಹೋಗ್ಲಿಲ್ಲ. ಅದು ಅವಳೇ ಅಂತ ಒಪ್ಪಿಕೊಂಡ್ರೆ, ಅವಳನ್ನ ಅಲ್ಲೇ ಬಿಟ್ಟು ಓಡಿಬಂದೆ ಅಂತಾಗುತ್ತಲ್ಲೇ!"

"ಅದು ಅಮ್ಮನೇ" ಎಂದಳು ಮಗಳು. ಮೇಜಿನ ಮೇಲೆ ತಲೆಯಿಟ್ಟು ದನಿಯೆತ್ತಿ ಅತ್ತಳು. ಭಾವ ತಡೆಯಲಿಲ್ಲ.

ನಾಲ್ಕು ವರ್ಷ ಕೂಡಿಟ್ಟ ಬೈಗುಳವನ್ನೆಲ್ಲ ಅವರ ಮುಖಕ್ಕೆ ಎಸೆಯಲು ಬಾಯಿ ತೆರೆದೆ. ಅವತ್ತು ಭಾವ ತಾವೇ ಹೋಗುವುದಾಗಿ ಹೇಳಿದಾಗ, ಸದ್ಯ ನಾನು ಬಚಾವಾದೆ ಎಂದುಕೊಂಡು ರಸ್ತೆಯಾಚೆ ನಿಂತಿದ್ದ ತಮ್ಮ ನಾನು.