ದುರ್ಬೀನಿಗಾಗಿ ತಡೆದ ಲಗ್ನ

ಚಹಾದ ಐದು ಕಪ್ಪು-ಬಸಿಗಳಲ್ಲಿ ಒಂದು ಬಸಿಯ ಅಂಚು ಒಡೆದಿತ್ತು. ಅದನ್ನು ಬಂದವರಿಗೆ ಕೊಡದೆ ಚಿಗವ್ವನ ಮುಂದೆ ಇಟ್ಟೆ. ಚಿಗವ್ವ ನಮ್ಮವ್ವನ ತಂಗಿ, ಲಿಂಗಸುಗೂರಿನವಳು. ಈ ಸಂಬಂಧ ಹುಡುಕಿದವಳೂ ಅವಳೇ. ಸಿಂಧನೂರಿನಲ್ಲಿ ಅಕ್ಕಿ ಗಿರಣಿ ಇದ್ದ ಮನೆಯವರು ನನ್ನನ್ನು ನೋಡಲು ಮಸ್ಕಿಗೆ ಬಂದಿದ್ದರು.

ತೊಂಬತ್ತರ ದಶಕದ ಮಾತು. ಎಂ.ಎಸ್ಸಿ. ಮುಗಿಸಿದ ಮೇಲೆ ನಾನು ಊರಿನಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದಲ್ಲಿ ಕೆಲಸಕ್ಕಿದ್ದೆ. ಭೂಮಿಯನ್ನು ಸುತ್ತುತ್ತಿದ್ದ ಒಂದು ಸಣ್ಣ ಎಕ್ಸ್-ರೇ ದೂರದರ್ಶಕವನ್ನು ನೋಡಿಕೊಳ್ಳುವ ತಂಡ ನಮ್ಮದು.

"ಅದು ಕೆಟ್ಟರ ಮ್ಯಾಲ ಹೋಗಿ ರಿಪೇರಿ ಮಾಡ್ತೀಯೇನವ್ವ?" ಹುಡುಗನ ತಂದೆ ಕೇಳಿದರು.

"ಇಲ್ರಿ. ನಮ್ಮ ತಲಿ ಮ್ಯಾಲೆ ಹಾದು ಹೋಗೋ ಹೊತ್ತಿಗೆ ಇಲ್ಲಿಂದನ ಹೇಳಬೇಕ್ರಿ. ಆ ಹೊತ್ತು ತಪ್ಪಿದ್ರ ಮುಂದಿನ ಸುತ್ತು."

"ಕಾಲುವಿ ನೀರಿನ ಪಾಳಿ ಇದ್ದಂಗ. ಹೇಳಿದ್ದು ಕೇಳ್ತೈತೇನು ಮತ್ತ?"

"ಬರೋಬ್ಬರಿ ಹೇಳಿದ್ರ ಕೇಳ್ತೈತ್ರಿ."

"ನಮ್ಮ ಮಗನಕಿಂತ ಛಲೋ ಐತಿ ಬಿಡು."

ಎಲ್ಲರೂ ನಕ್ಕರು. ಮಗನೂ ನಕ್ಕ. ನನಗೆ ಅವನು ಒಪ್ಪಿಗೆಯಾದದ್ದು ಆಗಲೇ. ಅದನ್ನು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಲಗ್ನವಾದ ಮೇಲೆ ಸೊಸೆ ಸಿಂಧನೂರಿನಲ್ಲೇ ಇರಬೇಕು ಎಂಬುದು ಅವರ ಒಂದೇ ಷರತ್ತು. ನಾನು ಬಾಯಿ ತೆರೆಯುವ ಮೊದಲೇ ಚಿಗವ್ವ ಹೇಳಿದಳು: "ಅದು ಮುದಿ ದುರ್ಬೀನು ಆಗೇತ್ರಿ. ಇವತ್ತೋ ನಾಳಿಗೋ ಅನ್ನಾಕತ್ತೈತಿ. ಅದು ನಿಂತ್ರ ಇಕಿ ಕೆಲಸಾನೂ ಮುಗೀತು. ಎಷ್ಟು ದಿನ ತಡೀತೈತಿ, ಹೇಳಲೇ."

ಮೂರು ವರ್ಷ ಬಾಳಲಿ ಎಂದು ಮಾಡಿದ್ದು ಏಳನೆಯ ವರ್ಷದಲ್ಲಿತ್ತು. ಲೆಕ್ಕದ ಪ್ರಶ್ನೆಗೆ ಲೆಕ್ಕದ ಉತ್ತರ ಕೊಡುವುದು ನನ್ನ ಅಭ್ಯಾಸ. "ಆರು ತಿಂಗಳು ತಡದೀತು" ಎಂದೆ. ಯುಗಾದಿಯ ನಂತರ ಲಗ್ನ ಎಂದು ಮಾತಾಯಿತು. ಎಲ್ಲರ ಬಾಯಿಗೂ ಸಕ್ಕರೆ ಬಿತ್ತು. ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದರೆ ಅವರ ಕಣ್ಣ ಮುಂದೆಯೇ ಆಗಲಿ ಎಂದು ಲಗ್ನವನ್ನು ಅವಸರದಿಂದ ಮಾಡುವುದು ನಮ್ಮ ಕಡೆಯ ರೂಢಿ. ಕಣ್ಣು ಮುಚ್ಚಲಿ ಎಂದು ಕಾದದ್ದು ನನ್ನದೊಂದೇ ಇರಬೇಕು.

ಕೆಲಸಕ್ಕೆ ಮರಳಿ, ಅದು ಕಣ್ಣು ಮುಚ್ಚದಂತೆ ನೋಡಿಕೊಳ್ಳತೊಡಗಿದೆ. ಬ್ಯಾಟರಿ ಸೋತಿತ್ತು. ಭೂಮಿಯ ನೆರಳಿಗೆ ಹೋಗುವ ಮುನ್ನ ಒಂದೊಂದೇ ಭಾಗವನ್ನು ಬಂದ್ ಮಾಡಿ, ಬಿಸಿಲಿಗೆ ಬಂದ ಮೇಲೆ ಮತ್ತೆ ಎಬ್ಬಿಸುತ್ತಿದ್ದೆವು. ದಿಕ್ಕು ತಿರುಗಿಸುವ ಚಕ್ರಗಳಲ್ಲಿ ಒಂದು ಕಚ್ಚಿಕೊಂಡಾಗ, ಉಳಿದವುಗಳಿಂದಲೇ ತಿರುಗಿಸುವ ಉಪಾಯ ಹುಡುಕಿದೆವು. ಆ ಉಪಾಯ ನನ್ನದೇ. ಎಲ್ಲರೂ ಅಭಿನಂದಿಸಿದರು. ನನ್ನ ಲಗ್ನವನ್ನು ನಾನೇ ಮುಂದೆ ಹಾಕಿದ್ದು ಅವರಿಗೆ ಗೊತ್ತಿರಲಿಲ್ಲ.

ಯುಗಾದಿ ಬಂದು ಹೋಯಿತು. ಅವ್ವ ಪ್ರತಿ ಭಾನುವಾರ ಮಸ್ಕಿಯ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ಪಕ್ಕದವರಿಗೆ ಕೇಳಬಾರದೆಂದು ದನಿ ತಗ್ಗಿಸಿ ವಿಚಾರಿಸುತ್ತಿದ್ದಳು: "ಹೆಂಗೈತವ್ವ ಅದು?"

"ಆರಾಮ ಐತಿ."

"ಆರಾಮ ಐತೇನು?" ಎಂದು ನಿಟ್ಟುಸಿರು ಬಿಡುತ್ತಿದ್ದಳು.

ಚಿಗವ್ವ ಗುರುಗುಂಟಾ ಕಡೆಯ ದೇವರಿಗೆ ಹರಕೆ ಹೊತ್ತಳಂತೆ. ಅದು ಉಳಿಯಲೆಂದೋ ನಿಲ್ಲಲೆಂದೋ, ನನಗೆ ಹೇಳಲಿಲ್ಲ.

ದಸರೆಗೆ ರಜೆಯ ಮೇಲೆ ಬಂದಾಗ ಸಿಂಧನೂರಿನ ತಂದೆ ಮಗ ಇಬ್ಬರೂ ಮತ್ತೆ ಮಸ್ಕಿಗೆ ಬಂದರು. ಹಿರಿಯರು ಒಳಗೆ ಮಾತಾಡುತ್ತಿದ್ದಾಗ ಅವನು ಕಟ್ಟೆಯ ಮೇಲೆ ಕೂತು ನನ್ನನ್ನು ಕೇಳಿದ: "ಅಲ್ರಿ, ಅದು ನೋಡೋದಾದ್ರೂ ಏನು?"

ಒಂದು ವರ್ಷದಲ್ಲಿ ಈ ಪ್ರಶ್ನೆ ಕೇಳಿದವನು ಅವನೊಬ್ಬನೇ.

"ಜೋಡಿ ನಕ್ಷತ್ರ ನೋಡ್ತೈತ್ರಿ. ಒಂದು ಸತ್ತಿರ್ತೈತಿ. ಸತ್ತದ್ದು ಬದುಕಿದ್ದನ್ನ ಚೂರು ಚೂರೇ ತಿಂತಿರ್ತೈತಿ."

ಅವನು ಒಳಗೊಮ್ಮೆ ನೋಡಿದ. "ಇದನ್ನ ನಮ್ಮಪ್ಪಗ ಹೇಳಬ್ಯಾಡ್ರಿ" ಎಂದ.

ಅವನ ಅಪ್ಪನಿಗೆ ಬೇಕಾದದ್ದು ಬೇರೆಯೇ ಇತ್ತು. ಒಳಗೆ ಕರೆದು ಕೇಳಿದರು: "ನಮ್ಮ ಗಿರಣಿ ನಾವು ಬಂದ್ ಮಾಡಬೇಕಂದ್ರ ಮಾಡ್ತೀವಿ. ನಿಮ್ಮದಕ ಸ್ವಿಚ್ ಇಲ್ಲೇನವ್ವ?"

"ಐತ್ರಿ."

"ಒತ್ತೋರು ಯಾರು?"

"ಮೇಲಿನವರು ಹೂಂ ಅಂದ್ರ ನಾವ ಒತ್ತೋದ್ರಿ. ಇನ್ನ ಕೆಲಸ ಮಾಡ್ತೈತಿ ಅಂತ ಅವರು ಕೇಳಿದ ಪ್ರತಿ ಸಲ ನಾನ ಬರದು ಕೊಡ್ತೀನ್ರಿ."

ಆ ಕೊನೆಯ ಮಾತನ್ನು ನಾನು ಹೇಳದಿರಬಹುದಿತ್ತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹಂಗಾದ್ರ ಈ ಸಲ ಸಾಕಾತು ಅಂತ ಬರಿ," ಎಂದರು ಅವರು, ಸಿಟ್ಟಿಲ್ಲದೆ. "ದೀಪಾವಳಿ ಆದ ಮ್ಯಾಲೆ ಲಗ್ನ. ಇಲ್ಲಾಂದ್ರ ನಮಗೂ ಬ್ಯಾರೆ ಮನಿಯವರು ಹೇಳಿ ಕಳಿಸ್ಯಾರ. ವಿಚಾರ ಮಾಡಿ ತಿಳಿಸವ್ವ."

ಅವರು ಹೋದ ಮೇಲೆ ಚಿಗವ್ವ ನನ್ನ ಎದುರು ಕೂತಳು. "ಒಂದು ಡಬ್ಬಿ ಸಲುವಾಗಿ ಇಂಥಾ ಮನಿ ಕಳಕೋತೀಯೇನಲೇ? ನೀ ಬಿಟ್ಟು ಬಂದ್ರ ಅದೇನು ಅಳತೈತೇನು?"

ಅಳುವುದಿಲ್ಲ ಎಂದು ಒಪ್ಪಿಕೊಂಡೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಸಿಂಧನೂರಿಗೆ ಹೋದೆ. ಗಿರಣಿಯ ಸದ್ದಿನಲ್ಲಿ ಎರಡು ಸಲ ಹೇಳಬೇಕಾಯಿತು. ಕೆಲಸ ಮಾಡುತ್ತಿರುವುದನ್ನು ಸಾಕಾಯಿತು ಎಂದು ಬರೆಯಲಾರೆ; ಲಗ್ನ ಮಾಡುವುದಾದರೆ ದುರ್ಬೀನು ನಡೆಯುತ್ತಿರುವಾಗಲೇ ಮಾಡಿ, ಅದು ಇರುವವರೆಗೆ ನಾನು ಕೆಲಸದಲ್ಲೇ ಇರುತ್ತೇನೆ, ಆಗದಿದ್ದರೆ ಬೇರೆ ಮನೆ ನೋಡಿ ಎಂದು ತಂದೆಗೆ ಹೇಳಿದೆ. ನನಗೆ ನೀವು ಒಪ್ಪಿಗೆ ಎಂದು ಮಗನಿಗೆ ಹೇಳಿದೆ. ಇಬ್ಬರೂ ಏನಾದರೂ ಅನ್ನುವ ಮೊದಲೇ ನಿಲ್ದಾಣಕ್ಕೆ ಬಂದು, ಕೆಲಸದ ಊರಿನ ಕಡೆಗೆ ಹೊರಟಿದ್ದ ಬಸ್ಸು ಹತ್ತಿದೆ.