ನಮ್ಮವ್ವ ಕಳಿಸಿದ ಖಣ

ಹಲವರ ಮೇಲೆ ನಾನು ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಆದರೆ ಆ ಬಿಳೀ ಹೆಣ್ಣುಮಗಳ ಮೇಲೆ ಪಟ್ಟಷ್ಟು ಯಾರ ಮೇಲೂ ಪಟ್ಟಿಲ್ಲ. ಅವಳು ನನಗೆ ಯಾವ ಕೆಡುಕನ್ನೂ ಮಾಡಿರಲಿಲ್ಲ. ಸಿಟ್ಟು ಬರುತ್ತಿದ್ದುದೇ ಅದಕ್ಕೆ. ಒಂದಾದರೂ ತಪ್ಪು ಸಿಕ್ಕಿದ್ದರೆ ಬೈದುಕೊಂಡು ಹಗುರಾಗುತ್ತಿದ್ದೆ.

ಎಪ್ಪತ್ತರ ದಶಕದ ಮಾತು. ನಾನು ಸಂಶಿಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು, ಕಂಕುಳಲ್ಲೊಂದು ಕೂಸಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಕುಡಿಯುವ ನೀರಿಗೆಂದು ಬೋರು ಕೊರೆಯುವ ದೊಡ್ಡ ಯಂತ್ರ ಬಂದಿತ್ತು. ಅದರ ಜೊತೆ ಬಂದವನು ಡೆನ್ಮಾರ್ಕಿನ ಒಬ್ಬ ಇಂಜಿನಿಯರ. ದಸರೆ ಮುಗಿದ ವಾರವೇ ಅವನು ಹೆಂಡತಿಯನ್ನೂ ಮೂರು ವರ್ಷದ ಮಗಳನ್ನೂ ಕರೆದುಕೊಂಡು ನಮ್ಮ ಮನೆಯ ಮುಂದಿನ ಎರಡು ಕೋಣೆಗಳಿಗೆ ಬಾಡಿಗೆಗೆ ಬಂದ.

ನಮ್ಮ ಅತ್ತೆಗೆ ಆ ಹೆಂಡತಿಯೆಂದರೆ ಜೀವ. ಅವಳು ಬಂದ ಹದಿನೈದು ದಿನದಲ್ಲಿ ಅತ್ತೆಯನ್ನು ‘ಅವ್ವಾ’ ಎನ್ನತೊಡಗಿದಳು, ಅತ್ತೆ ಕರಗಿಹೋದಳು. ಒಲೆಯ ಮುಂದೆ ಕೂತು ಅವಳೊಮ್ಮೆ ರೊಟ್ಟಿ ತಟ್ಟಿದಳು. ಅದಕ್ಕೆ ನಾಲ್ಕು ಮೂಲೆ ಇದ್ದವು. ಅತ್ತೆ ಅದನ್ನು ಎತ್ತಿ ಹಿಡಿದು, “ಮೊದಲ್ನೇ ಸಲಕ್ಕ ಇಷ್ಟರ ಬಂತಲ್ಲ, ಶಾಣ್ಯಾಕಿ” ಎಂದಳು. ನಾನು ಭತ್ತ ಬೆಳೆಯುವ ದುಮ್ಮವಾಡದವಳು. ಜೋಳದ ರೊಟ್ಟಿ ತೆಳ್ಳಗೆ ತಟ್ಟುವುದನ್ನು ಕಲಿಯಲು ನನಗೆ ವರ್ಷ ಹಿಡಿದಿತ್ತು. ಆ ವರ್ಷವಿಡೀ ನಾನು ಕೇಳಿದ್ದು, “ಅಂಚು ಸೀಳೈತಿ ನೋಡು. ನಿಮ್ಮವ್ವ ಇದs ಕಲಿಸ್ಯಾಳೇನು?”

ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಇಷ್ಟಕ್ಕೇ ನಾನು ಉರಿದುಕೊಳ್ಳುತ್ತಿದ್ದೆನೆಂದಲ್ಲ. ನನ್ನ ಹೊಟ್ಟೆಯಲ್ಲಿ ಆ ವರ್ಷದ ನಾಗರಪಂಚಮಿ ಇನ್ನೂ ಕುದಿಯುತ್ತಿತ್ತು. ಪಂಚಮಿಗೆ ಹೆಣ್ಣುಮಗಳು ತವರಿಗೆ ಹೋಗಲೇಬೇಕು, ಜೋಕಾಲಿ ಜೀಕಲೇಬೇಕು. ನಮ್ಮಣ್ಣ ಕರೆಯಲು ಬಂದಿದ್ದ. ಅತ್ತೆ ಅವನಿಗೆ ಚಹಾ ಕೊಟ್ಟು, “ಈ ಸಲ ಬ್ಯಾಡ ತಮ್ಮಾ. ಮೆಣಸಿನ ಸಸಿ ಹಚ್ಚೂದೈತಿ. ಮನ್ಯಾಗ ಮಾಡಾವ್ರ ಯಾರು?” ಎಂದಳು.

“ನಾಕ ದಿನದ ಮಾತ್ರಿ ಅತ್ತೀ,” ಎಂದ ಅಣ್ಣ.

“ನಾಕ ದಿನ ಸಸಿ ತಡೀತಾವೇನು?”

ಅಣ್ಣ ಸಂಜೆಯ ಬಸ್ಸಿಗೆ ಒಬ್ಬನೇ ಹೋದ. ಅವ್ವ ಕಳಿಸಿದ್ದ ಉಂಡಿಯ ಡಬ್ಬಿಯನ್ನೂ ದಾಳಿಂಬೆ ಬಣ್ಣದ ಒಂದು ಕುಪ್ಪಸದ ಖಣವನ್ನೂ ನನ್ನ ಕೈಗೆ ಕೊಟ್ಟು ಹೋದ. ಉಂಡಿ ಮನೆಮಂದಿಯ ಬಾಯಿಗೆ ಹೋದವು. ಖಣವನ್ನು ಅತ್ತೆ, “ಇರ್ಲಿ, ದೀಪಾವಳಿಗೆ ಹೊಲಿಸೂಣು” ಎಂದು ತನ್ನ ಟ್ರಂಕಿನಲ್ಲಿಟ್ಟಳು. ದೀಪಾವಳಿ ಬಂದು ಹೋಯಿತು, ಟ್ರಂಕು ತೆರೆಯಲಿಲ್ಲ. ಕೇಳಲು ನನಗೆ ಬಾಯಿ ಬರಲಿಲ್ಲ.

ಡಿಸೆಂಬರಿನಲ್ಲಿ ಆ ಹೆಂಗಸಿನ ಹಬ್ಬ ಬಂತು. ಅವಳ ತಾಯಿ ಹಬ್ಬಕ್ಕೆಂದು ಒಂದು ಗಂಟು ಕಳಿಸಿದ್ದಳಂತೆ. ಅಂಚೆಯವನು ದಿನಾ ಬಾಗಿಲ ಮುಂದೆ ಬಂದು, ಇಲ್ಲವೆಂದು ಕೈಯಾಡಿಸಿ ಹೋಗುತ್ತಿದ್ದ. ಹಬ್ಬದ ಹಿಂದಿನ ದಿನವೂ ಹಾಗೇ ಹೋದ. ಅವಳು ಕಟ್ಟೆಯ ಮೇಲೆ ಕೂತು, ಮಗಳ ತಲೆಗೂದಲಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗಂಡ ಎಲ್ಲರೆದುರಿಗೇ ಅವಳ ಬಾಜೂಕ ಕೂತು ಬೆನ್ನು ಸವರಿದ. ನನಗೆ ಅದರ ಮೇಲೂ ಹೊಟ್ಟೆಕಿಚ್ಚಾಯಿತು. ಪಂಚಮಿಯ ದಿನ ನಾನು ಒಲೆಯ ಮುಂದೆ ಅತ್ತಾಗ ನನ್ನ ಗಂಡ, “ಹಸಿ ಕಟಗಿ ಹಾಕಬ್ಯಾಡ, ಹೊಗಿ ಆಗತೈತಿ” ಎಂದು ಎದ್ದು ಹೋಗಿದ್ದ.

ಅತ್ತೆ ಅವಳ ಅಳು ನೋಡಿ ಒಳಗೆ ಬಂದಳು. “ಪಾಪ, ತವರ ಎಷ್ಟ ದೂರ ಐತಿ. ಹಬ್ಬದಾಗ ಹೆಣ್ಮಗಳು ಕಣ್ಣೀರ ಹಾಕಬಾರದು. ಈ ಸಲ ನಾವs ಅಕೀ ತವರಮನಿ. ನಾಳೆ ಉಡಿ ತುಂಬೂಣು, ಹೋಳಿಗಿ ಮಾಡು.”

ಡೆನ್ಮಾರ್ಕಿನ ತವರು ಅತ್ತೆಗೆ ಕಂಡಿತು. ಹುಬ್ಬಳ್ಳಿಯಲ್ಲಿ ಒಂದು ಬಸ್ಸು ಬದಲಿಸಿದರೆ ಸಿಗುವ ದುಮ್ಮವಾಡ ಕಾಣಲಿಲ್ಲ. ನಾನು ಹೂರಣ ರುಬ್ಬಿದೆ. ಒರಳುಕಲ್ಲಿಗೆ ಬಾಯಿ ಇದ್ದಿದ್ದರೆ ಆ ಹೊತ್ತು ನಾನು ಅಂದದ್ದನ್ನೆಲ್ಲ ಅದೇ ಹೇಳುತ್ತಿತ್ತು.

ಮರುದಿನ ಬೆಳಿಗ್ಗೆ ಅವಳನ್ನು ಮಣೆಯ ಮೇಲೆ ಕೂಡಿಸಿದರು. ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು. ಅತ್ತೆ ಟ್ರಂಕು ತೆರೆದು ಒಂದು ಖಣ ತಂದು ಅದರ ಮೇಲಿಟ್ಟಳು. ದಾಳಿಂಬೆ ಬಣ್ಣದ್ದು. ನಮ್ಮವ್ವ ನನಗೆ ಕಳಿಸಿದ್ದು.

ತಾಟು ಹಿಡಿದು ನಿಂತಿದ್ದವಳು ನಾನೇ. ಅತ್ತೆ ಕುಂಕುಮ ಮರೆತು ದೇವರ ಮನೆಗೆ ಹೋದಳು. ಆ ಗಳಿಗೆಯಲ್ಲಿ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

“ಅದು ನಮ್ಮವ್ವ ಕಳಿಸಿದ ಖಣ,” ಎಂದೆ ಹಲ್ಲು ಕಚ್ಚಿ. “ಪಂಚಮಿಗೆ ನನಗ ಅಂತ ಕಳಿಸಿದ್ದು. ತೊಟ್ಟಕೊಂಡು ಮೆರಿ.”

ನೀರು, ರೊಟ್ಟಿ, ಚಹಾ ಬಿಟ್ಟರೆ ಅವಳಿಗೆ ಕನ್ನಡ ತಿಳಿಯುವುದಿಲ್ಲವೆಂದು ನಾನು ನಂಬಿದ್ದೆ. ಅವಳು ನನ್ನನ್ನು ನೋಡಿದಳು, ಖಣವನ್ನು ನೋಡಿದಳು. ಅಷ್ಟರಲ್ಲಿ ಅತ್ತೆ ಬಂದು ಅವಳ ಹಣೆಗೆ ಕುಂಕುಮ ಹಚ್ಚಿ ಉಡಿ ತುಂಬಿದಳು.

ಸಂಜೆ ಅವರು ನಮ್ಮನ್ನು ಕರೆದರು. ಅವರ ಹಬ್ಬಕ್ಕೆ ಮನೆಯೊಳಗೊಂದು ಗಿಡ ಬೇಕಂತೆ. ಕರಿಮಣ್ಣಿನ ನಮ್ಮ ಸೀಮೆಯಲ್ಲಿ ಅಂಥ ಗಿಡ ಎಲ್ಲಿಯದು? ಎಣ್ಣೆಯ ಖಾಲಿ ಡಬ್ಬಿಯಲ್ಲಿ ಮಣ್ಣು ತುಂಬಿ ಒಂದು ಜಾಲಿಯ ಟೊಂಗೆ ನೆಟ್ಟಿದ್ದರು. ಅವರ ಊರಿನಲ್ಲಿ ಬೀಳುವ ಹಿಮದ ಬದಲು ನಮ್ಮ ಹೊಲದ ಹತ್ತಿಯನ್ನು ಮುಳ್ಳಿಗೆ ಸಿಕ್ಕಿಸಿದ್ದರು. ಗಂಡ ಹೆಂಡತಿ ಮಗಳು ಮೂವರೂ ಕೈ ಕೈ ಹಿಡಿದು ತಮ್ಮ ಭಾಷೆಯಲ್ಲಿ ಹಾಡುತ್ತ ಅದರ ಸುತ್ತ ತಿರುಗಿದರು. ಅತ್ತೆ ಅದನ್ನು ಪ್ರದಕ್ಷಿಣೆ ಎಂದೇ ತಿಳಿದು ಟೊಂಗೆಗೆ ಕುಂಕುಮ ಏರಿಸಿ, ತಾನೂ ಕೈ ಮುಗಿದುಕೊಂಡು ಹಿಂದೆ ನಡೆದಳು. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ.

ಆಮೇಲೆ ಉಡುಗೊರೆ ಹಂಚಿದರು. ಆ ಹಬ್ಬದಲ್ಲಿ ಅದೇ ಪದ್ಧತಿ. ಅತ್ತೆಗೆ ಉಣ್ಣೆಯ ಶಾಲು, ನನ್ನ ಗಂಡನಿಗೊಂದು ಬ್ಯಾಟರಿ, ನನ್ನ ಕೂಸಿಗೆ ಬಟ್ಟೆಯ ಗೊಂಬೆ. ನನಗೆ ಬಣ್ಣದ ಕಾಗದದಲ್ಲಿ ಸುತ್ತಿದ ಮೆತ್ತನೆಯ ಏನೋ ಒಂದು. ಬಿಚ್ಚಿದೆ. ದಾಳಿಂಬೆ ಬಣ್ಣದ ಖಣ.

ಅತ್ತೆಯ ಮುಖ ಕಪ್ಪಿಟ್ಟಿತು. “ಉಡ್ಯಾಗ ಹಾಕಿದ್ದನ್ನ ಇನ್ನೊಬ್ಬರಿಗೆ ಕೊಡಬಾರದ ಯವ್ವಾ. ಅದು ನಿನ್ನ ಭಾಗ್ಯ. ತಗೋ, ತಿರಗಿ ತಗೋ.”

ಅವಳು ತಗೊಳ್ಳಲಿಲ್ಲ. ಒಂದೊಂದೇ ಮಾತು ಹುಡುಕಿ ಜೋಡಿಸಿದಳು.

“ಅವ್ವಾ, ನಮ್ಮವ್ವಂದು ಬರಲಿಲ್ಲ. ಅಕೀ ಅವ್ವಂದು ಬಂದೈತಿ.”

ನನ್ನ ಗಂಡ ಹತ್ತಿಯನ್ನು ಹುಟ್ಟಿದಾಗಿನಿಂದ ನೋಡಿಯೇ ಇಲ್ಲದವನಂತೆ ಟೊಂಗೆಯನ್ನು ನೋಡುತ್ತ ನಿಂತ. ಅತ್ತೆ ನನ್ನತ್ತ ಒಂದು ಸಲ ನೋಡಿ, ಶಾಲು ಹೊದ್ದುಕೊಂಡು ಒಳಗೆ ಹೋದಳು.

ನಾಲ್ಕೈದು ದಿನ ಕಳೆದವು. ಹೊಲಕ್ಕೆ ಎಡೆಯ ಚರಗ ಚೆಲ್ಲಿ ಉಂಡು ಬರುವ ಎಳ್ಳಮಾವಾಸ್ಯೆಗೆ ಸಜ್ಜೆ ಬೀಸುತ್ತಿದ್ದಾಗ ಅತ್ತೆ ಬಂದು ಹಿಟ್ಟಿನ ಮೇಲೆ ಕಣ್ಣಿಟ್ಟು ಹೇಳಿದಳು, “ಅಮಾಸಿ ಮುಗೀಲಿ. ನಾಕ ದಿನ ನಿಮ್ಮೂರಿಗೆ ಹೋಗಿ ಬಾ. ಅದನ್ನ ಹೊಲಿಸ್ಕೊಂಡು ಹೋಗು.”

ಬೇರೆ ಯಾರಾದರೂ ಆ ಹೆಂಗಸಿಗೆ ಕೈ ಮುಗಿಯುತ್ತಿದ್ದರು. ನಾನು ಇನ್ನಷ್ಟು ಉರಿದೆ. ಮೂರು ವರ್ಷ ಮೈಮುರಿದು ದುಡಿದ ನನಗೆ ಸಿಗದ ಮಾತು ಅವಳ ಎರಡು ತೊದಲು ಮಾತಿಗೆ ಸಿಕ್ಕಿತ್ತು. ಇಷ್ಟು ದಿನ ಬಣ್ಣದಲ್ಲಿ, ಗಂಡನಲ್ಲಿ, ಅತ್ತೆಯ ಪ್ರೀತಿಯಲ್ಲಿ ಅವಳು ಮುಂದಿದ್ದಳು. ಈಗ ಒಳ್ಳೆಯತನದಲ್ಲೂ ಮುಂದಾದಳು. ನನ್ನ ಪಾಲಿಗೆ ಉಳಿದದ್ದು ಋಣ. ಹೊಟ್ಟೆಕಿಚ್ಚಿನವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

ದುಮ್ಮವಾಡದಲ್ಲಿ ಅವ್ವ ಬಾಗಿಲಲ್ಲೇ ನನ್ನ ಕುಪ್ಪಸ ಮುಟ್ಟಿ ನೋಡಿ, “ಚಲೋ ಒಪ್ಪೈತಿ” ಎಂದಳು. ನಾನು ಅವಳ ಮಗ್ಗುಲಲ್ಲಿ ಕೂತು ನಡೆದದ್ದೆಲ್ಲ ಹೇಳಿದೆ. ಅತ್ತೆಯನ್ನು ಬೈದೆ, ಆ ಬಿಳಿಯವಳನ್ನೂ ಬೈದೆ. ಅವ್ವ ನನ್ನ ಕಡೆ ಆಗುತ್ತಾಳೆಂದು ನನಗೆ ಸಂಶಯವೇ ಇರಲಿಲ್ಲ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಅಕೀ ಗಂಟು ಕಡೀಗೂ ಬರಲಿಲ್ಲೇನ?” ಎಂದು ಕೇಳಿದಳು.

ಮರುದಿನ ಶೇಂಗಾ ಹುರಿದಳು, ಬೆಲ್ಲ ಕುಟ್ಟಿದಳು. ಹೊರಡುವ ದಿನ ನನ್ನ ಕೈಯಲ್ಲಿ ಒಂದು ಡಬ್ಬಿ ತುಂಬ ಉಂಡಿ ಇಟ್ಟು, “ಇವು ಅಕೀಗೆ. ನೀ ಇಲ್ಲೇ ತಿಂದೀಯಲ್ಲ” ಎಂದಳು.

ಬಸ್ಸಿನಲ್ಲಿ ಡಬ್ಬಿ ನನ್ನ ತೊಡೆಯ ಮೇಲಿತ್ತು. ಹುಬ್ಬಳ್ಳಿ ದಾಟಿದ ಮೇಲೆ ಮುಚ್ಚಳ ತೆಗೆದು ಎರಡು ಉಂಡಿ ತಿಂದೆ. ಹಸಿವಿರಲಿಲ್ಲ.

ಡಬ್ಬಿ ಕೊಟ್ಟಾಗ ಅವಳು, “ನಿಮ್ಮವ್ವ?” ಎಂದು ಕೇಳಿದಳು. ಹೂಂ ಎಂದೆ. ಅವಳು ಮೇಲಿನ ಉಂಡಿಯೊಂದನ್ನು ತೆಗೆದು, ಎರಡು ಹೋಳು ಮಾಡಿ, ದೊಡ್ಡದನ್ನು ನನ್ನ ಮುಂದೆ ಹಿಡಿದಳು. ನಮ್ಮವ್ವ ಕಟ್ಟಿದ ಉಂಡಿಯಲ್ಲಿ ನನಗೆ ಅವಳು ಪಾಲು ಕೊಡುತ್ತಿದ್ದಳು. ನಾನು ಕೈಯೊಡ್ಡಿದೆ.